ಕಟಕಟೆಯಲ್ಲಿ ನಿಂತವನ ಪರವಾಗಿ

ಕೆಲವು ತಿಂಗಳ ಹಿಂದೆ ರೋಣದಲ್ಲಿ ನೆಂಟರ ಮನೆಯ ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ನರೆತ ಮೀಸೆಯ ಗೃಹಸ್ಥನೊಬ್ಬ ಬಂದು ಕಾಲು ಮುಟ್ಟಿ ನಮಸ್ಕರಿಸಿದ. “ಗುರುತು ಸಿಗಲಿಲ್ಲೇನ್ರಿ ಸರ್? ನರಗುಂದದಾಗ ಒಂಬತ್ತನೇತ್ತೆ ‘ಬ’ ವರ್ಗ, ಎರಡನೇ ಬೆಂಚು” ಎಂದ. ಆಗ ಗುರುತು ಹತ್ತಿತು. ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾನಂತೆ. ಮಗಳು ಧಾರವಾಡದಲ್ಲಿ ಓದು ಮುಗಿಸಿದ್ದಾಳಂತೆ. ಇಬ್ಬರೂ ಹಂದರದ ಕೆಳಗೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುವಾಗ ಅವನು ನಗುತ್ತಲೇ ಒಂದು ಮಾತು ಆಡಿದ: “ಸರ್, ಬಾಬಾಸಾಹೇಬರ ಪಾಠದಾಗ ನಾ ಒಂದು ಪ್ರಶ್ನಾ ಕೇಳಿದ್ದೆ. ನೀವು ನಕ್ಕಬಿಟ್ರಿ. ಉತ್ತರ ಇನ್ನೂ ಬಾಕಿ ಐತ್ರಿ.”

ಅವನು ಹಗುರವಾಗಿಯೇ ಹೇಳಿದ. ನನಗೆ ಮಾತ್ರ ಬಾಯಲ್ಲಿದ್ದ ಎಲೆ ಅಡಿಕೆಯ ರುಚಿ ಹೋಯಿತು. ಆ ಪ್ರಶ್ನೆಯೂ ನೆನಪಿತ್ತು, ನನ್ನ ನಗೆಯೂ ನೆನಪಿತ್ತು. ಮೂವತ್ತೈದು ವರ್ಷ ಪಾಠ ಹೇಳಿದವನು ಒಬ್ಬ ಹುಡುಗನಿಗೆ ಕೊಡಬೇಕಾದ ಉತ್ತರವನ್ನು ಬಾಕಿ ಉಳಿಸಿಕೊಂಡಿದ್ದರೆ ಅದು ಸಣ್ಣ ಸಾಲವಲ್ಲ. ಅದನ್ನು ತೀರಿಸಲು ಈ ಬರಹ. ಆದರೆ ನರಗುಂದಕ್ಕೆ ಹೋಗುವ ಮುನ್ನ ನಿಮ್ಮನ್ನು ಸ್ವಲ್ಪ ಸುತ್ತು ಹಾಕಿಸಿ, ಒಂದು ಹಳೆಯ ಚಲನಚಿತ್ರದ ಕಡೆಗೆ ಕರೆದೊಯ್ಯಬೇಕಾಗಿದೆ. ಉತ್ತರದ ಮೊದಲ ಸುಳಿವು ನನಗೆ ದೊರೆತದ್ದು ಅಲ್ಲಿ.

ನಿವೃತ್ತನಾಗಿ ಗಜೇಂದ್ರಗಡದಲ್ಲಿ ನೆಲೆಸಿದ ಹೊಸತರಲ್ಲಿ, ಹೊತ್ತು ಕಳೆಯಲೆಂದು ಮಗ ಕೆಲವು ಹಳೆಯ ಇಂಗ್ಲಿಷ್ ಚಿತ್ರಗಳ ಡಿ.ವಿ.ಡಿ.ಗಳನ್ನು ತಂದುಕೊಟ್ಟಿದ್ದ. ಅವುಗಳಲ್ಲಿ ಒಂದು ‘ಅನಾಟಮಿ ಆಫ್ ಎ ಮರ್ಡರ್’. ಕನ್ನಡದಲ್ಲಿ ‘ಒಂದು ಕೊಲೆಯ ಅಂಗರಚನೆ’ ಎನ್ನಬಹುದು. ಆಟೊ ಪ್ರೆಮಿಂಜರ್ ನಿರ್ದೇಶಿಸಿದ, 1959ರಲ್ಲಿ ತೆರೆಕಂಡ ಕಪ್ಪು ಬಿಳುಪು ಚಿತ್ರ. ಸುಮಾರು ಎರಡೂ ಮುಕ್ಕಾಲು ಗಂಟೆಯ ಅವಧಿ. ಅರ್ಧಕ್ಕಿಂತ ಹೆಚ್ಚು ಭಾಗ ನ್ಯಾಯಾಲಯದ ಒಂದೇ ಕೋಣೆಯಲ್ಲಿ ನಡೆಯುತ್ತದೆ. ನನ್ನ ಮನೆಯಾಕೆ ಅರ್ಧ ಗಂಟೆಗೇ ಎದ್ದು ಹೋದಳು. ನಾನು ಮಾತ್ರ ಕದಲಲಿಲ್ಲ. ಮರುದಿನ ಇನ್ನೊಮ್ಮೆ ಹಾಕಿಕೊಂಡು ನೋಡಿದೆ.

ಈ ಚಿತ್ರದ ಹಿಂದೆ ಒಂದು ನಿಜವಾದ ಮೊಕದ್ದಮೆ ಇದೆ. ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ಭಾಗದಲ್ಲಿ ಇಶ್ಪೆಮಿಂಗ್ ಎಂಬ ಊರಿದೆ. ನಮ್ಮ ಸಂಡೂರಿನಂತೆ ಕಬ್ಬಿಣದ ಅದಿರಿನ ಗಣಿಗಳನ್ನು ನಂಬಿ ಬೆಳೆದ ಊರು ಅದು. ಅಲ್ಲಿಯ ಜಾನ್ ವೋಲ್ಕರ್ ಎಂಬ ವಕೀಲರು ಅನೇಕ ವರ್ಷ ಸರಕಾರಿ ವಕೀಲರಾಗಿದ್ದವರು. ಅಲ್ಲಿ ಆ ಹುದ್ದೆಗೆ ಚುನಾವಣೆ ನಡೆಯುತ್ತದೆ. 1950ರಲ್ಲಿ ಅವರು ಸೋತರು. 1952ರ ಜುಲೈ 31ರ ರಾತ್ರಿ ಸಮೀಪದ ಬಿಗ್ ಬೇ ಎಂಬ ಹಳ್ಳಿಯಲ್ಲಿ ಸೈನ್ಯದ ಲೆಫ್ಟಿನೆಂಟನೊಬ್ಬ ಹೆಂಡದಂಗಡಿಯ ಮಾಲೀಕನನ್ನು ಎಲ್ಲರ ಕಣ್ಣೆದುರಿಗೇ ಗುಂಡಿಟ್ಟು ಕೊಂದ. ಆ ಮಾಲೀಕ ತನ್ನ ಹೆಂಡತಿಯ ಮೇಲೆ ಅತ್ಯಾಚಾರ ಮಾಡಿದನೆಂಬುದು ಅವನ ಹೇಳಿಕೆ. ಅದುವರೆಗೆ ಆರೋಪಿಗಳಿಗೆ ಶಿಕ್ಷೆ ಕೊಡಿಸುತ್ತಿದ್ದ ವೋಲ್ಕರ್, ಈ ಬಾರಿ ಆರೋಪಿಯ ಪಕ್ಕದಲ್ಲಿ ಕುಳಿತರು. ಗುಂಡು ಹಾರಿಸಿದ ಹೊತ್ತಿನಲ್ಲಿ ಆತ ತನ್ನ ಮನಸ್ಸಿನ ಹಿಡಿತದಲ್ಲಿ ಇರಲಿಲ್ಲವೆಂದು ವಾದಿಸಿದರು. ಜ್ಯೂರಿ ಆ ವಾದವನ್ನು ಒಪ್ಪಿ ಬಿಡುಗಡೆ ಮಾಡಿತು.

ಮುಂದೆ ವೋಲ್ಕರ್ ಮಿಶಿಗನ್ನಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದರು. ರಾಬರ್ಟ್ ಟ್ರೇವರ್ ಎಂಬ ಕಾವ್ಯನಾಮದಲ್ಲಿ ಆ ಮೊಕದ್ದಮೆಯನ್ನು ಆಧರಿಸಿ ಅವರು ಬರೆದ ಕಾದಂಬರಿ 1958ರಲ್ಲಿ ಪ್ರಕಟವಾಯಿತು. ಮರುವರ್ಷವೇ ಚಿತ್ರವಾಯಿತು. ಪ್ರೆಮಿಂಜರ್ ಅದನ್ನು ಹಾಲಿವುಡ್ಡಿನ ಬಣ್ಣದ ಹಲಗೆಗಳ ನಡುವೆ ಚಿತ್ರೀಕರಿಸಲಿಲ್ಲ. ನಿಜವಾದ ವಿಚಾರಣೆ ನಡೆದ ಮಾರ್ಕೆಟ್ ಊರಿನ ಅದೇ ನ್ಯಾಯಾಲಯಕ್ಕೆ ತಮ್ಮ ಬಳಗವನ್ನು ಕರೆದೊಯ್ದರು. ನ್ಯಾಯಾಧೀಶರ ಪಾತ್ರಕ್ಕೆ ನಟರನ್ನು ಹುಡುಕದೆ ಜೋಸೆಫ್ ವೆಲ್ಚ್ ಎಂಬ ನಿಜವಾದ ವಕೀಲರನ್ನು ಕೂರಿಸಿದರು. 1954ರಲ್ಲಿ, ಕಂಡಕಂಡವರನ್ನೆಲ್ಲ ಕಮ್ಯುನಿಸ್ಟರೆಂದು ಹಳಿಯುತ್ತಿದ್ದ ಸೆನೆಟರ್ ಮೆಕಾರ್ಥಿಯವರು ವೆಲ್ಚರ ಕಚೇರಿಯ ತರುಣ ವಕೀಲನ ಮೇಲೂ ಕೆಸರೆರಚಿದಾಗ, ಇಡೀ ದೇಶ ಟಿ.ವಿ.ಯಲ್ಲಿ ನೋಡುತ್ತಿರುವಂತೆಯೇ ಅವರನ್ನು ಖಂಡಿಸಿದವರು ಈ ವೆಲ್ಚ್. ಇನ್ನೊಬ್ಬನ ಪರವಾಗಿ ನಿಂತ ಮನುಷ್ಯನೇ ಇಲ್ಲಿ ನ್ಯಾಯಪೀಠದ ಮೇಲೆ ಕುಳಿತದ್ದು ನನಗೆ ಬಹಳ ಇಷ್ಟವಾಯಿತು.

ಚಿತ್ರದ ನಾಯಕ ಪಾಲ್ ಬೀಗ್ಲರ್. ಜೇಮ್ಸ್ ಸ್ಟುವರ್ಟ್ ಆ ಪಾತ್ರ ಮಾಡಿದ್ದಾರೆ. ಮೀನು ಹಿಡಿಯುವುದರಲ್ಲಿ ಹೊತ್ತು ಕಳೆಯುವ, ಕಕ್ಷಿದಾರರಿಲ್ಲದ ಸಣ್ಣ ಊರಿನ ವಕೀಲ. ಜೊತೆಗೆ ಕುಡಿತಕ್ಕೆ ಬಿದ್ದು ಹಾಳಾದ, ಒಂದು ಕಾಲದಲ್ಲಿ ಬುದ್ಧಿವಂತನಾಗಿದ್ದ ವೃದ್ಧ ವಕೀಲನೊಬ್ಬ. ಇಬ್ಬರೂ ಗ್ರಂಥಾಲಯದಲ್ಲಿ ಹಳೆಯ ತೀರ್ಪುಗಳ ಸಂಪುಟಗಳನ್ನು ಒಂದೊಂದಾಗಿ ಕೆಳಗಿಳಿಸಿ ಹುಡುಕುತ್ತ, ಕೊನೆಗೆ 1886ರ ತೀರ್ಪೊಂದರಲ್ಲಿ ತಮಗೆ ಬೇಕಾದ ಆಧಾರವನ್ನು ಕಂಡು ಹಿಗ್ಗುವ ದೃಶ್ಯವಿದೆ. ಅದರಲ್ಲಿ ಹೊಡೆದಾಟವಿಲ್ಲ, ಹಾಡಿಲ್ಲ. ಪುಸ್ತಕ, ಧೂಳು, ಇಬ್ಬರು ಮುದುಕರು ಅಷ್ಟೇ. ಆದರೂ ಎದೆ ಬಡಿದುಕೊಳ್ಳುವಂತೆ ಮಾಡುತ್ತದೆ.

ಇನ್ನೊಂದು ದೃಶ್ಯ ನನ್ನನ್ನು ಕಾಡಿತು. ಬೀಗ್ಲರ್ ಜೈಲಿನಲ್ಲಿ ಲೆಫ್ಟಿನೆಂಟನ ಎದುರು ಕುಳಿತು, ಕೊಲೆಯ ಆರೋಪಕ್ಕೆ ಕಾನೂನಿನಲ್ಲಿ ಇರುವ ಪ್ರತಿವಾದಗಳು ನಾಲ್ಕು ಎಂದು ಒಂದೊಂದಾಗಿ ವಿವರಿಸುತ್ತಾನೆ: ಅದು ಕೊಲೆಯೇ ಅಲ್ಲ, ಕೊಂದವನು ನಾನಲ್ಲ, ಕೊಲ್ಲುವ ಹಕ್ಕು ನನಗಿತ್ತು, ಕೊಂದದ್ದಕ್ಕೆ ಕ್ಷಮೆಗೆ ಅರ್ಹವಾದ ಕಾರಣವಿತ್ತು. ಮೊದಲ ಮೂರು ಇವನಿಗೆ ಹೊಂದುವುದಿಲ್ಲ. ವಕೀಲ ಅಲ್ಲಿಗೆ ನಿಲ್ಲಿಸುತ್ತಾನೆ. ಲೆಫ್ಟಿನೆಂಟ್ ಯೋಚಿಸಿ, ಯೋಚಿಸಿ, ತನಗೆ ಆಗ ಹುಚ್ಚು ಹಿಡಿದಿರಬೇಕು ಎನ್ನುತ್ತಾನೆ. ವಕೀಲ ಸುಳ್ಳು ಹೇಳಿಕೊಟ್ಟನೆ? ಇಲ್ಲ. ಕಾನೂನು ಹೇಳಿದನು. ಹಾಗಾದರೆ ಶುದ್ಧಹಸ್ತನೆ? ಅದೂ ಹೇಳುವಂತಿಲ್ಲ. ಹೆಂಡದಂಗಡಿಯಲ್ಲಿ, ಅದಕ್ಕೂ ಮುಂಚೆ ಕಾಡಿನ ದಾರಿಯಲ್ಲಿ ನಡೆದದ್ದೇನು ಎಂಬುದನ್ನು ಚಿತ್ರ ನಮಗೆ ಒಮ್ಮೆಯೂ ತೋರಿಸುವುದಿಲ್ಲ. ಹನ್ನೆರಡು ಮಂದಿ ಜ್ಯೂರಿಗಳಿಗೆ ಎಷ್ಟು ಗೊತ್ತೋ ನಮಗೂ ಅಷ್ಟೇ ಗೊತ್ತು. ಕೊನೆಗೆ ಬಿಡುಗಡೆಯಾದ ಲೆಫ್ಟಿನೆಂಟ್ ವಕೀಲರ ಶುಲ್ಕವನ್ನೂ ಕೊಡದೆ ಹೆಂಡತಿಯೊಂದಿಗೆ ಊರು ಬಿಡುತ್ತಾನೆ. ತಡೆಯಲಾರದ ಆವೇಗದಿಂದ ಹೋಗಿಬಿಟ್ಟೆ ಎಂದು, ವಕೀಲ ನ್ಯಾಯಾಲಯದಲ್ಲಿ ಮಂಡಿಸಿದ ವಾದವನ್ನೇ ಅವನಿಗೆ ತಿರುಗಿಸಿ ಚೀಟಿ ಬರೆದಿಡುತ್ತಾನೆ.

ನೋಡುಗನಾಗಿ ನನಗೆ ಸಿಟ್ಟು ಬಂತು. ಇಂಥವನಿಗಾಗಿ ಇಷ್ಟೆಲ್ಲ ಶ್ರಮವೆ? ಈ ಪ್ರಶ್ನೆ ಮನಸ್ಸಿನಲ್ಲಿ ಎದ್ದ ಕ್ಷಣದಲ್ಲಿಯೇ ನರಗುಂದದ ಎರಡನೆಯ ಬೆಂಚು ನೆನಪಾಯಿತು.

ಅಲ್ಲಿಗೆ ಹೋಗುವ ದಾರಿಯಲ್ಲಿ ನನ್ನ ಬಾಲ್ಯದ ಒಂದು ನೆನಪು. ಈ ಚಿತ್ರ ತೆರೆಕಂಡ ವರ್ಷವೇ ನಮ್ಮ ದೇಶದಲ್ಲೂ ಅಂಥದೇ ಒಂದು ಪ್ರಕರಣ ನಡೆಯಿತು. 1959ರ ಏಪ್ರಿಲ್ 27ರಂದು ಮುಂಬೈಯಲ್ಲಿ ನೌಕಾದಳದ ಕಮಾಂಡರ್ ನಾನಾವತಿಯವರು ತಮ್ಮ ಹೆಂಡತಿಯೊಡನೆ ಸಂಬಂಧವಿದ್ದ ಪ್ರೇಮ್ ಅಹುಜಾ ಎಂಬುವರನ್ನು ಪಿಸ್ತೂಲಿನಿಂದ ಕೊಂದು, ತಾವಾಗಿಯೇ ಪೊಲೀಸರಿಗೆ ಶರಣಾದರು. ಅವರ ಪರ ವಾದಿಸಿದವರು ಕಾರ್ಲ್ ಖಂಡಾಲಾವಾಲಾ. ಒಂಬತ್ತು ಜ್ಯೂರಿಗಳಲ್ಲಿ ಎಂಟು ಮಂದಿ ನಿರ್ದೋಷಿ ಎಂದರು. ಆ ನಿರ್ಣಯ ವಿವೇಕಕ್ಕೆ ಸಲ್ಲದೆಂದು ಸೆಷನ್ಸ್ ನ್ಯಾಯಾಧೀಶರು ಪ್ರಕರಣವನ್ನು ಮುಂಬೈ ಉಚ್ಚ ನ್ಯಾಯಾಲಯಕ್ಕೆ ಒಪ್ಪಿಸಿದರು. ಅಲ್ಲಿ 1960ರ ಮಾರ್ಚಿನಲ್ಲಿ ಜೀವಾವಧಿ ಶಿಕ್ಷೆಯಾಯಿತು. 1961ರ ನವೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 1964ರಲ್ಲಿ ರಾಜ್ಯಪಾಲರಿಂದ ಕ್ಷಮಾದಾನ ದೊರೆಯಿತು. ಜ್ಯೂರಿ ಪದ್ಧತಿ ನಮ್ಮಲ್ಲಿ ಕ್ರಮೇಣ ಕ್ಷೀಣಿಸಿ, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಸ್ಥಾನವೇ ಉಳಿಯಲಿಲ್ಲ.

ನಮ್ಮ ಸೀಮೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿ ಆಗ ಇನ್ನೂ ಮೂರು ವರ್ಷವಾಗಿರಲಿಲ್ಲ. ಮುಂಬೈಯ ಸುದ್ದಿ ಎಂದರೆ ನಮ್ಮೂರಿನ ಹಿರಿಯರಿಗೆ ಈಗಲೂ ತಮ್ಮ ಮನೆಯ ಸುದ್ದಿಯೇ. ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಒಬ್ಬರು ಪತ್ರಿಕೆ ಓದಿ ಹೇಳುತ್ತಿದ್ದರು. ಹತ್ತು ವರ್ಷದ ನಾನು ಅಪ್ಪನ ಬೆನ್ನ ಹಿಂದೆ ಕುಳಿತು ಕೇಳುತ್ತಿದ್ದೆ. ಕಟ್ಟೆಯ ತೀರ್ಪು ಒಂದೇ: “ಗಂಡಸಾದವ ಮತ್ತೇನ ಮಾಡಬೇಕಿತ್ತು?” ಕೂತವರೆಲ್ಲ ಕಮಾಂಡರರ ವಕೀಲರು. ಕೆಲವೇ ದಿನಗಳಲ್ಲಿ ಪಕ್ಕದ ಹಳ್ಳಿಯ ಕೂಲಿಯವನೊಬ್ಬ ಇಂಥದೇ ಕಾರಣಕ್ಕೆ ಕುಡಗೋಲು ಬೀಸಿದ ಸುದ್ದಿ ಬಂತು. ಅದೇ ಕಟ್ಟೆ, ಅದೇ ಹಿರಿಯರು: “ಅಂಥವನ್ನ ಕೋರ್ಟಿಗೆ ಯಾಕ ಒಯ್ಯಬೇಕು, ಅಲ್ಲೇ ಗಿಡಕ್ಕ ಕಟ್ಟಬೇಕಿತ್ತು.” ಸಮವಸ್ತ್ರ ಹಾಕಿದವನ ಸಿಟ್ಟು ಪೌರುಷವಾಯಿತು, ಹರಕು ಧೋತರದವನ ಸಿಟ್ಟು ದುಷ್ಟತನವಾಯಿತು. ಜನರ ಕರುಣೆಗೆ ಕಣ್ಣಿದೆ, ಅದು ಬಟ್ಟೆ ನೋಡುತ್ತದೆ ಎಂಬುದು ಆ ವಯಸ್ಸಿನಲ್ಲಿ ನನಗೆ ಹೊಳೆಯಲಿಲ್ಲ.

ಇನ್ನು ನರಗುಂದ.

1980ರಲ್ಲಿ ನಾನು ಅಲ್ಲಿ ಶಿಕ್ಷಕನಾಗಿದ್ದೆ. ಮಲಪ್ರಭಾ ಯೋಜನೆಯ ಕಾಲುವೆಯ ನೀರಿಗೆಂದು ವಿಧಿಸಿದ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಚಳವಳಿ ಜುಲೈ 21ರಂದು ಸ್ಫೋಟಗೊಂಡದ್ದು ನಿಮಗೆಲ್ಲ ಗೊತ್ತಿದೆ. ಪೊಲೀಸರ ಗುಂಡಿಗೆ ರೈತ ಬಲಿಯಾದ. ಉದ್ರಿಕ್ತ ಗುಂಪಿನ ಕೈಯಲ್ಲಿ ಪೊಲೀಸರೂ ಜೀವ ತೆತ್ತರು. ನವಲಗುಂದದಲ್ಲಿಯೂ ಅದೇ ದಿನ ರಕ್ತ ಹರಿಯಿತು. ಇಂದು ವರ್ಷವರ್ಷವೂ ಆ ದಿನ ಹುತಾತ್ಮ ರೈತರಿಗೆ ಮಾಲೆ ಹಾಕುತ್ತೇವೆ. ಆದರೆ ಆ ಮಳೆಗಾಲದ ನರಗುಂದವೇ ಬೇರೆ. ಬಂಧನದ ಭಯದಿಂದ ಹಳ್ಳಿಗಳ ಗಂಡಸರು ಹೊಲಗಳಲ್ಲಿ ಮಲಗುತ್ತಿದ್ದರು. ಮನೆಗಳಲ್ಲಿ ದೀಪ ಹಚ್ಚಲೂ ಹೆಂಗಸರು ಹೆದರುತ್ತಿದ್ದರು. ಶಾಲೆಯ ಹಾಜರಿ ಅರ್ಧಕ್ಕಿಳಿದಿತ್ತು.

ಆಗಸ್ಟ್ ಹದಿನೈದು ಹತ್ತಿರ ಬಂದಿತ್ತು. ನಾನು ಒಂಬತ್ತನೆಯ ತರಗತಿಗೆ ನಮ್ಮೂರಿನದೇ ಇತಿಹಾಸ ಹೇಳುತ್ತಿದ್ದೆ. ನರಗುಂದದ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬ. ದತ್ತು ತೆಗೆದುಕೊಳ್ಳಲು ಇಂಗ್ಲಿಷರು ಒಪ್ಪಿಗೆ ಕೊಡದ ಕಥೆ. ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿಯ ಕೆಂಚನಗೌಡರೊಡನೆ ಕೂಡಿದ ಸಂಚು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬಿಡಾರ ಹೂಡಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ವಧೆ. ಅವನ ರುಂಡವನ್ನು ನರಗುಂದದ ಅಗಸಿಗೆ ತೂಗುಹಾಕಿದ್ದು. ಹುಡುಗರ ಕಣ್ಣು ಹೊಳೆಯುತ್ತಿದ್ದವು. ಆಮೇಲೆ ಕರ್ನಲ್ ಮಾಲ್ಕಮನ ಸೈನ್ಯ, ಕೋಟೆಯ ಪತನ, ತೊರಗಲ್ಲಿನ ಕಾಡಿನಲ್ಲಿ ಬಾಬಾಸಾಹೇಬನ ಸೆರೆ, ಬೆಳಗಾವಿಯಲ್ಲಿ ವಿಚಾರಣೆ, ಜೂನ್ 12ರಂದು ಗಲ್ಲು.

ಎರಡನೆಯ ಬೆಂಚಿನ ಹುಡುಗ ಎದ್ದು ನಿಂತ. “ಸರ್, ಬೆಳಗಾಂವದ ಕೋರ್ಟಿನ್ಯಾಗ ಬಾಬಾಸಾಹೇಬರ ಪರ ಯಾರು ಮಾತಾಡಿದ್ರಿ?”

ನಾನು ನಕ್ಕೆ. “ಸಾಹೇಬನ ತಲಿ ಕಡದವನ ಪರ ಯಾರು ಮಾತಾಡತಾರೋ ತಮ್ಮಾ? ಖೂನಿ ಮಾಡಿದವರ ಕೂಡ ಯಾವ ಮರ್ಯಾದಸ್ತ ವಕೀಲ ನಿಂದರತಾನ?” ಎಂದೆ. ತರಗತಿ ಗೊಳ್ಳೆಂದಿತು. ಹುಡುಗ ಕುಳಿತ. ಅವನು ನಗಲಿಲ್ಲ ಎಂಬುದನ್ನು ನಾನು ಗಮನಿಸಿದೆ, ಕಾರಣ ಗಮನಿಸಲಿಲ್ಲ.

ಕಾರಣ ತಿಳಿದದ್ದು ವಾರದ ನಂತರ, ಸಹೋದ್ಯೋಗಿಯೊಬ್ಬರ ಬಾಯಿಂದ. ಆ ಹುಡುಗನ ಕಾಕಾ ಜುಲೈ ಗಲಭೆಯಲ್ಲಿ ಹಿಡಿದವರಲ್ಲಿ ಒಬ್ಬ. ಪೊಲೀಸರ ಸಾವಿನ ಆರೋಪ. ಅವನ ಪರವಾಗಿ ವಕಾಲತ್ತು ಹಾಕುವವರು ಯಾರು ಎಂದು ಮನೆಯವರು ಊರೂರು ಅಲೆಯುತ್ತಿದ್ದರು. ಹುಡುಗ ಕೇಳಿದ್ದು ಬಾಬಾಸಾಹೇಬನನ್ನು ಕುರಿತಲ್ಲ. ನಾನು ಇತಿಹಾಸವನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ, ನನ್ನ ಮುಂದೆ ನಿಂತ ಇತಿಹಾಸ ನನಗೆ ಕಾಣಿಸಲಿಲ್ಲ. ಅವನನ್ನು ಕರೆದು ಒಂದು ಮಾತು ಆಡಬೇಕೆಂದುಕೊಂಡೆ. ಇಂದು, ನಾಳೆ ಎನ್ನುತ್ತ ವರ್ಷ ಮುಗಿಯಿತು. ಮುಂದೆ ವರ್ಗವಾಗಿ ಬೇರೆ ಊರಿಗೆ ಹೋದೆ.

ಈಗ ಉತ್ತರಕ್ಕೆ ಬರುತ್ತೇನೆ.

ತಮ್ಮಾ, ಮ್ಯಾನ್ಸನ್ ಸತ್ತ ಮೇ 29ರಿಂದ ಬಾಬಾಸಾಹೇಬ ಗಲ್ಲಿಗೇರಿದ ಜೂನ್ 12ರವರೆಗೆ ಎಣಿಸು. ಹದಿನಾಲ್ಕು ದಿನ. ಅಷ್ಟರೊಳಗೆ ಮುತ್ತಿಗೆ, ಸೆರೆ, ವಿಚಾರಣೆ, ಶಿಕ್ಷೆ ಎಲ್ಲವೂ ಮುಗಿದಿತ್ತು. ಬಂಡಾಯವನ್ನು ಅಡಗಿಸಲೆಂದು 1857ರಲ್ಲಿ ಕಂಪನಿ ಸರಕಾರ ಮಾಡಿದ ವಿಶೇಷ ಕಾಯ್ದೆಗಳಲ್ಲಿ ಆಯುಕ್ತರು ಕೊಟ್ಟ ತೀರ್ಪೇ ಕೊನೆ. ಅದರ ಮೇಲೆ ಮನವಿ ಇರಲಿಲ್ಲ. ಅಂಥ ಕಾಲದ ನ್ಯಾಯಾಲಯದಲ್ಲಿ ಮೇಜು, ಕುರ್ಚಿ, ಕಾಗದ, ಮೊಹರು ಎಲ್ಲ ಇದ್ದರೂ ಸಂಶಯಕ್ಕೆ ಮಾತ್ರ ಸ್ಥಳವಿರಲಿಲ್ಲ. ವಕೀಲನೆಂದರೆ ನ್ಯಾಯಾಲಯದೊಳಗೆ ಸಂಶಯಕ್ಕೆ ಕೊಟ್ಟ ಕುರ್ಚಿ. ಅವನು ಆರೋಪಿಯ ಸದ್ಗುಣಕ್ಕೆ ಜಾಮೀನು ನಿಲ್ಲುವುದಿಲ್ಲ. ಸರಕಾರ ಹೇಳುವುದನ್ನು ಸರಕಾರ ಸಿದ್ಧಮಾಡಿ ತೋರಿಸಲಿ ಎಂದಷ್ಟೇ ಅವನು ಕೇಳುತ್ತಾನೆ. ಬೀಗ್ಲರನ ಕಕ್ಷಿದಾರ ಒಳ್ಳೆಯವನಾಗಿದ್ದರೆ ಆ ಚಿತ್ರ ನನಗೆ ಏನನ್ನೂ ಕಲಿಸುತ್ತಿರಲಿಲ್ಲ. ಅವನು ಒರಟ, ಕೃತಘ್ನ, ಬಹುಶಃ ಸುಳ್ಳುಗಾರ. ಅಂಥವನಿಗೂ ನಿಯಮದಂತೆ ವಿಚಾರಣೆ ದೊರೆತರೆ ಮಾತ್ರ, ನಾಳೆ ತಪ್ಪಾಗಿ ಹಿಡಿದು ತಂದ ನಿನ್ನ ಕಾಕಾನಿಗೂ ದೊರೆತೀತು. ಹಿಡಿದು ತಂದ ದಿನ ಇಬ್ಬರ ಮುಖವೂ ಒಂದೇ ತೆರನಾಗಿ ಕಾಣುತ್ತದೆ.

ನಮ್ಮ ಸಂವಿಧಾನ ಬರೆದವರು ಇದನ್ನು ತಿಳಿದಿದ್ದರು. ಅವರಲ್ಲಿ ಎಷ್ಟೋ ಮಂದಿ ಸ್ವತಃ ಕಟಕಟೆಯಲ್ಲಿ ನಿಂತು ಬಂದವರು. ಬಂಧಿತನಾದವನಿಗೆ ತನಗೆ ಬೇಕಾದ ವಕೀಲರ ನೆರವು ಪಡೆಯುವ ಹಕ್ಕನ್ನು 22ನೆಯ ವಿಧಿ ಕೊಟ್ಟಿದೆ. ಬಡವನಿಗೆ ಉಚಿತ ಕಾನೂನು ನೆರವು ಸರಕಾರದ ಹೊಣೆ ಎಂಬ 39ಎ ವಿಧಿ 1976ರಲ್ಲಿ ಸೇರಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಆದಾಯದ ಲೆಕ್ಕವಿಲ್ಲದೆ ಇದರ ಪ್ರಯೋಜನ ಪಡೆಯಬಹುದು. ತಾಲೂಕಿನ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರಾಯಿತು. ನನ್ನ ವಿದ್ಯಾರ್ಥಿಗಳಲ್ಲಿ ಹಳ್ಳಿಯಲ್ಲಿ ಇರುವವರು ಇದನ್ನು ನಾಲ್ಕು ಮಂದಿಗೆ ತಿಳಿಸಬೇಕು. ‘ಗೆದ್ದವ ಸೋತ, ಸೋತವ ಸತ್ತ’ ಎಂದು ಕೋರ್ಟಿನ ಬಗೆಗೆ ನಮ್ಮ ಹಿರಿಯರು ಆಡಿದ ಗಾದೆ, ವಕೀಲರ ಶುಲ್ಕಕ್ಕೆ ಹೊಲ ಮಾರಿದವರ ಅನುಭವದಿಂದ ಹುಟ್ಟಿದ್ದು.

ಆದರೆ ಕಾಯ್ದೆ ಇದ್ದ ಮಾತ್ರಕ್ಕೆ ಗುಡಿಯ ಕಟ್ಟೆ ಬದಲಾಗುವುದಿಲ್ಲ. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ, ಇಂಥ ಆರೋಪಿಯ ಪರ ಯಾರೂ ವಾದಿಸಬಾರದೆಂದು ವಕೀಲರ ಸಂಘಗಳು ಮಾಡುವ ಠರಾವುಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧವೆಂದು ಸ್ಪಷ್ಟವಾಗಿ ಹೇಳಿತು. ಹತ್ತು ವರ್ಷ ಕಳೆಯುವುದರೊಳಗೆ, 2020ರ ಫೆಬ್ರುವರಿಯಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿಯೇ ಅಂಥ ಠರಾವು ಆಯಿತು. ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ವಕಾಲತ್ತು ವಹಿಸುವುದಿಲ್ಲವೆಂದು ಅಲ್ಲಿಯ ವಕೀಲರ ಸಂಘ ತೀರ್ಮಾನಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ತೀವ್ರವಾಗಿ ಆಕ್ಷೇಪಿಸಿತು; ಅವರ ಪರ ಬೆಂಗಳೂರಿನಿಂದ ಬಂದ ವಕೀಲರು ಪೊಲೀಸರ ರಕ್ಷಣೆಯಲ್ಲಿ ನ್ಯಾಯಾಲಯ ಪ್ರವೇಶಿಸಬೇಕಾಯಿತು. ಆ ಹುಡುಗರು ಮಾಡಿದ್ದು ಸರಿಯೆ ತಪ್ಪೆ ಎಂಬುದು ಇಲ್ಲಿಯ ಮಾತಲ್ಲ. ಅದನ್ನು ತೀರ್ಮಾನಿಸುವ ಸ್ಥಳಕ್ಕೆ ಹೋಗುವ ಬಾಗಿಲನ್ನೇ ಮುಚ್ಚಬೇಕೆಂದು ಬಾಗಿಲು ಕಾಯಬೇಕಾದವರೇ ಹೇಳಿದ್ದು ಇಲ್ಲಿಯ ಮಾತು. ಆ ಸುದ್ದಿ ಓದಿದ ದಿನ ನನಗೆ ಅವರ ಮೇಲೆ ಸಿಟ್ಟು ಮಾಡಲು ಬಾಯಿ ಬರಲಿಲ್ಲ. 1980ರಲ್ಲಿ ಅದೇ ಠರಾವನ್ನು ನಾನು ನಗುನಗುತ್ತ ಒಂಬತ್ತನೆಯ ತರಗತಿಯಲ್ಲಿ ಪಾಸು ಮಾಡಿದ್ದೆ.

ಇಂದು ನರಗುಂದದಲ್ಲಿ ನಾವೆಲ್ಲರೂ ಬಾಬಾಸಾಹೇಬನ ವಕೀಲರು. ನಾನೂ ಎಷ್ಟೋ ಆಗಸ್ಟ್ ಹದಿನೈದರಂದು ಧ್ವಜದ ಕೆಳಗೆ ನಿಂತು ಅವನ ಪರವಾಗಿ ವಾದಿಸಿದ್ದೇನೆ, ಚಪ್ಪಾಳೆ ಗಿಟ್ಟಿಸಿದ್ದೇನೆ. ನೂರು ವರ್ಷ ಕಳೆದ ಮೇಲೆ ವಕಾಲತ್ತು ಹಾಕಲು ಧೈರ್ಯ ಬೇಕಾಗಿಲ್ಲ. 1858ರ ಜೂನ್ ತಿಂಗಳ ಬೆಳಗಾವಿಯಲ್ಲಿ ಬೇಕಿತ್ತು. 1980ರ ನರಗುಂದದಲ್ಲಿ ಬೇಕಿತ್ತು.

ಮದುವೆಯ ಹಂದರದಲ್ಲಿ ನಾನು ತಡವರಿಸುತ್ತ ಅವನ ಕಾಕಾನ ವಿಷಯ ವಿಚಾರಿಸಿದೆ. “ಬಿಡುಗಡಿ ಆಗಿ ಬಂದ್ರಿ ಸರ್. ಒಬ್ಬರು ವಕೀಲರು ನಿಂತರ್ರಿ. ರೊಕ್ಕಾ ಕೊಡಾಕ ಹೋದ್ರ ತಗೋಲಿಲ್ಲ. ಸುಗ್ಗ್ಯಾಗ ಒಂದ್ ಚೀಲ ಜ್ವಾಳಾ ಕಳಸರಿ ಅಂದ್ರಂತ” ಎಂದ. ಆ ವಕೀಲರ ಹೆಸರು ಅವನಿಗೂ ನೆನಪಿರಲಿಲ್ಲ. ಕಾಕಾ ತೀರಿಕೊಳ್ಳುವವರೆಗೆ ಪ್ರತಿ ಸುಗ್ಗಿಗೂ ಜೋಳ ಕಳಿಸುತ್ತಿದ್ದದ್ದು ಮಾತ್ರ ನೆನಪಿತ್ತು.

“ನಾ ಅವತ್ತ ಅಂದದ್ದು ತಪ್ಪಾತು” ಎಂದೆ. ಅವನು ಏನೂ ಹೇಳದೆ ಎದ್ದು ಹೋಗಿ ಎರಡು ಕಪ್ ಚಹಾ ತಂದ.

ಈ ಬರಹದ ಒಂದು ಪ್ರತಿಯನ್ನು ಅವನ ಗೊಬ್ಬರದ ಅಂಗಡಿಗೆ ಕಳಿಸುತ್ತಿದ್ದೇನೆ. ನಲವತ್ತೈದು ವರ್ಷ ತಡವಾದ ಉತ್ತರಪತ್ರಿಕೆ. ತಡವಾಗಿ ಬರೆದು ಕೊಟ್ಟವರಿಗೆಲ್ಲ ನಾನು ಅಂಕ ಕಡಿಮೆ ಮಾಡುತ್ತಿದ್ದೆ ಎಂಬುದು ನಿಮಗೆಲ್ಲ ನೆನಪಿರಬೇಕು. ಅವನು ಎಷ್ಟು ಕೊಡುತ್ತಾನೋ ನೋಡೋಣ.